ವಿದ್ಯಾರ್ಥಿಯೂ ಬೇಸಗೆಯ ಕೆಲಸವೂ

ಬೇಸಗೆಯ ರಜೆಗೆಂದು ಊರಿಗೆ ಬಂದ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯನ್ನು ನೆಂಟರಿಷ್ಟರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: “ಓದು ಮುಗಿದ ಮೇಲೆ ಮುಂದೇನು?” ಕೇಳುವವರಿಗೆ ಅದು ಕುಶಲಪ್ರಶ್ನೆ, ಉತ್ತರ ಹೇಳಬೇಕಾದವನಿಗೆ ಅದು ಪರೀಕ್ಷೆಯ ಪ್ರಶ್ನೆಗಿಂತಲೂ ಕಠಿನವಾದದ್ದು. ಎರಡು ವರ್ಷ ಅರ್ಥಶಾಸ್ತ್ರವನ್ನೋ ರಸಾಯನಶಾಸ್ತ್ರವನ್ನೋ ಓದಿ, ಒಳ್ಳೆಯ ಅಂಕಗಳನ್ನೇ ಪಡೆದಿರುವ ತರುಣನಿಗೂ ಆ ಓದನ್ನು ಹೊತ್ತುಕೊಂಡು ಲೋಕದಲ್ಲಿ ಯಾವ ಕಡೆಗೆ ಹೆಜ್ಜೆಯಿಡಬೇಕೆಂಬುದು ಹೊಳೆಯುವುದಿಲ್ಲ. ಅವನಿಗೆ ಅದು ಹೊಳೆಯುವಂತೆ ಮಾಡಲು ಆ ರಜೆಯ ಆರೆಂಟು ವಾರಗಳೇ ಹೇಗೆ ಸಾಧನವಾಗಬಲ್ಲುವೆಂಬುದನ್ನು ಈ ಹೊತ್ತು ಆಲೋಚಿಸಬೇಕೆಂದಿದ್ದೇವೆ.

ದಾರಿ ತೋರದಿರುವುದಕ್ಕೆ ಕಾರಣ ಬುದ್ಧಿಯ ಕೊರತೆ ಅಲ್ಲ, ನೋಟದ ಕೊರತೆ. ನಮ್ಮ ವಿದ್ಯಾರ್ಥಿಗಳು ಉದ್ಯೋಗಗಳನ್ನು ಹೆಸರಿನಿಂದ ಬಲ್ಲರು. ಅವುಗಳ ದಿನಚರಿಯನ್ನು ಅರಿಯರು. ವಕೀಲನೆಂದರೆ ಕರಿಯ ಕೋಟು ತೊಟ್ಟು ನ್ಯಾಯಾಧೀಶರ ಮುಂದೆ ಗುಡುಗುವವನೆಂದು ಅವರು ತಿಳಿದಿರುತ್ತಾರೆ. ಅವನ ದಿನದ ಬಹುಭಾಗ ಹಳೆಯ ಪಹಣಿಗಳನ್ನು ಓದುವುದರಲ್ಲಿ, ಕಕ್ಷಿಗಾರನ ಸುತ್ತುಬಳಸಿನ ಕಥೆಯಿಂದ ನಾಲ್ಕು ಸಂಗತಿಗಳನ್ನು ಹೆಕ್ಕಿ ತೆಗೆಯುವುದರಲ್ಲಿ, ಮುಂದಿನ ವಾಯಿದೆಗಾಗಿ ಕಾಯುವುದರಲ್ಲಿ ಕಳೆಯುತ್ತದೆ ಎಂಬುದನ್ನು ಯಾವ ಪುಸ್ತಕವೂ ಅವರಿಗೆ ಹೇಳಿರುವುದಿಲ್ಲ. ಪತ್ರಿಕೆಯವನ ಕೆಲಸ, ಬ್ಯಾಂಕಿನವನ ಕೆಲಸ, ಪ್ರಯೋಗಶಾಲೆಯವನ ಕೆಲಸ ಎಲ್ಲವೂ ಹೀಗೆಯೇ. ಹೊರಗಿನ ವೇಷವೊಂದು, ಒಳಗಿನ ದುಡಿಮೆಯೊಂದು. ವೇಷವನ್ನು ಕಂಡು ಉದ್ಯೋಗವನ್ನು ಆರಿಸಿಕೊಂಡವನು ದುಡಿಮೆಯನ್ನು ಕಂಡ ದಿನ ಬೇಸರಗೊಂಡರೆ ಆಶ್ಚರ್ಯವಿಲ್ಲ.

ಕಲಬುರಗಿಯ ಸೀಮೆಯಲ್ಲಿ ಈ ಕೊರತೆ ಇನ್ನೂ ಹೆಚ್ಚು ಎದ್ದು ಕಾಣುತ್ತದೆ. ಅಲ್ಲಿನ ಹಳ್ಳಿಯೊಂದರಿಂದ ಕಾಲೇಜಿಗೆ ಬಂದ ಮಗುವಿನ ಕಣ್ಣಿಗೆ ಬಿದ್ದಿರುವ ಓದಿದವರ ಉದ್ಯೋಗಗಳು ಬೆರಳೆಣಿಕೆಯವು: ಶಾಲೆಯ ಮೇಷ್ಟರದು, ದವಾಖಾನೆಯ ಡಾಕ್ಟರದು, ತಹಸೀಲು ಕಚೇರಿಯದು, ಪೊಲೀಸಿನವರದು. ಇವುಗಳಾಚೆಗೆ ಬೆಂಗಳೂರಿನ ಕಂಪ್ಯೂಟರ್ ಕೆಲಸವೆಂಬ ಒಂದು ಕನಸು. ಸಂವಿಧಾನದ 371ಜೆ ವಿಧಿಯ ಪ್ರಕಾರ ಈ ಪ್ರದೇಶದವರಿಗೆ ಸರ್ಕಾರದ ನೌಕರಿಗಳಲ್ಲಿಯೂ ವಿದ್ಯಾಸಂಸ್ಥೆಗಳಲ್ಲಿಯೂ ಮೀಸಲು ಸ್ಥಾನಗಳು ದೊರೆತಿವೆ. ಅದು ನ್ಯಾಯವಾಗಿ ಬಂದ ಅನುಕೂಲ. ಆದರೆ ಬಾಗಿಲು ತೆರೆದಿದೆ ಎಂಬ ಕಾರಣದಿಂದಲೇ ಎಲ್ಲರೂ ಒಂದೇ ಬಾಗಿಲಿಗೆ ನುಗ್ಗಿ, ವರ್ಷಾನುವರ್ಷ ಒಂದೇ ಬಗೆಯ ಸ್ಪರ್ಧಾಪರೀಕ್ಷೆಗಳಿಗೆ ಕುಳಿತು ವಯಸ್ಸನ್ನು ಕಳೆಯುವುದು ಬೇರೆ ಮಾತು. ಆ ನೌಕರಿಯನ್ನು ಬಯಸಿ ಹೋಗುವವನು ಹೋಗಲಿ. ಬೇರೆ ಯಾವುದನ್ನೂ ಕಾಣದೆ ಹೋಗುವವನ ವಿಷಯವೇ ನಮಗೆ ಚಿಂತೆ.

ರಜೆಯ ಕಾಲದಲ್ಲಿ ವಿದ್ಯಾರ್ಥಿಯು ಒಂದು ಕಚೇರಿಯಲ್ಲಿಯೋ ಕಾರ್ಖಾನೆಯಲ್ಲಿಯೋ ಆಸ್ಪತ್ರೆಯಲ್ಲಿಯೋ ಗೊತ್ತಾದ ಅವಧಿಯವರೆಗೆ ಇದ್ದು, ಅಲ್ಲಿನವರ ಕೈಕೆಳಗೆ ನಿಜವಾದ ಕೆಲಸವನ್ನು ಮಾಡುತ್ತ ಕಲಿಯುವುದಕ್ಕೆ ಈಗ ಇಂಟರ್ನ್‌ಷಿಪ್ ಎಂದು ಹೆಸರು. ಹೆಸರು ಹೊಸದು, ಪದ್ಧತಿ ಬಹು ಹಳೆಯದು. ಇದರ ನ್ಯಾಯವನ್ನು ವಿಚಾರಮಾಡಿದ ಮಹಾಪಂಡಿತನೊಬ್ಬನು ಕಲಬುರಗಿಯ ಸೀಮೆಗೇ ಸೇರಿದವನು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿದ್ದು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನ ಊರು ಇದೇ ಜಿಲ್ಲೆಯ ಮರ್ತೂರು. ಹಿಂದೂ ದಾಯಭಾಗದ ಮೊಕದ್ದಮೆಗಳಿಂದಾಗಿ ಆ ಗ್ರಂಥದ ಹೆಸರನ್ನು ಬಲ್ಲವರು ಬಹಳ ಮಂದಿ. ಅದರಲ್ಲಿ ಕಸಬು ಕಲಿಯುವ ಹುಡುಗನ ವಿಚಾರವೂ ಉಂಟೆಂಬುದನ್ನು ಬಲ್ಲವರು ಕಡಮೆ.

ವೇದವಿದ್ಯೆಯನ್ನು ಕಲಿಯುವವನು ಶಿಷ್ಯ. ಶಿಲ್ಪವನ್ನು, ಎಂದರೆ ಕೈಕಸಬನ್ನು, ಕಲಿಯುವವನು ಅಂತೇವಾಸಿ. ಅವನು ಬಂಧುಗಳ ಒಪ್ಪಿಗೆ ಪಡೆದು, ಇಷ್ಟು ಕಾಲವೆಂದು ಮೊದಲೇ ನಿಶ್ಚಯಿಸಿಕೊಂಡು ಆಚಾರ್ಯನ ಮನೆಯಲ್ಲಿ ವಾಸಮಾಡತಕ್ಕದ್ದು. ಆಚಾರ್ಯನು ಅವನಿಗೆ ಊಟವಿಕ್ಕಿ, ಮಗನಂತೆ ಕಂಡು, ಕಸಬನ್ನು ಕಲಿಸತಕ್ಕದ್ದು. ಆ ಕಸಬಿಗೆ ಹೊರತಾದ ಬೇರೆ ಕೆಲಸವನ್ನು ಅವನಿಂದ ಮಾಡಿಸಕೂಡದು. ಕಸಬು ಬೇಗ ಬಂದರೂ ಹುಡುಗನು ಗೊತ್ತಾದ ಅವಧಿಯನ್ನು ಮುಗಿಸಬೇಕು. ಆ ಅವಧಿಯಲ್ಲಿ ಅವನು ಮಾಡಿದ ಕೆಲಸದ ಫಲ ಆಚಾರ್ಯನಿಗೆ ಸೇರತಕ್ಕದ್ದು. ನಾರದ, ಯಾಜ್ಞವಲ್ಕ್ಯರ ಈ ಮಾತುಗಳನ್ನು ವಿಜ್ಞಾನೇಶ್ವರನು ಒಂದೆಡೆ ಸೇರಿಸಿ ವಿವರಿಸಿದ್ದಾನೆ. ಅವಧಿ ಗೊತ್ತಿರಬೇಕು, ಅನ್ನ ದೊರೆಯಬೇಕು, ಕಲಿಸುವವನಿರಬೇಕು, ಬೇರೆ ಚಾಕರಿ ಕೂಡದು. ಈ ನಾಲ್ಕು ಷರತ್ತುಗಳಿಗೆ ಇಂದಿನ ಯಾವ ನಿಯಮಾವಳಿಯೂ ಹೆಚ್ಚಿನದೇನನ್ನೂ ಸೇರಿಸಬೇಕಾಗಿಲ್ಲವೆಂದು ನಮಗೆ ತೋರುತ್ತದೆ.

ಇದಕ್ಕೆ ಪ್ರತಿಯಾಗಿ ಇನ್ನೊಂದು ಹಳೆಯ ಪದ್ಧತಿಯನ್ನೂ ನೆನೆಯಬೇಕು. ಹಿಂದಿನ ಕಾಲದ ಕಚೇರಿಗಳಲ್ಲಿ ಉಮೇದುವಾರರೆಂಬ ಒಂದು ವರ್ಗದವರಿದ್ದರು. ಪಾರಸಿಯಲ್ಲಿ ‘ಉಮೇದ್’ ಎಂದರೆ ಆಸೆ, ಆಸೆಯಿಟ್ಟುಕೊಂಡವನು ಉಮೇದುವಾರ. ಗುಮಾಸ್ತರ ಪಕ್ಕದಲ್ಲಿ ಚಾಪೆ ಹಾಸಿಕೊಂಡು, ಸಂಬಳವಿಲ್ಲದೆ ಕಾಗದಗಳನ್ನು ನಕಲು ತೆಗೆಯುತ್ತ, ಯಾವ ಸ್ಥಾನ ಯಾವಾಗ ತೆರವಾದೀತೆಂದು ಅವರು ಕಾಯುತ್ತಿದ್ದರು. ಅವರಿಗೆ ಅವಧಿಯಿಲ್ಲ, ಕಲಿಸಬೇಕಾದ ಹೊಣೆಯುಳ್ಳವನಿಲ್ಲ. ಹೇಳಿದ ಚಾಕರಿಯೆಲ್ಲ ಅವರ ಪಾಲಿಗೆ. ಅಂತೇವಾಸಿಯೂ ಉಮೇದುವಾರನೂ ಹೊರಗಿನಿಂದ ನೋಡಿದರೆ ಒಂದೇ ತೆರ. ಇಬ್ಬರೂ ಸಂಬಳವಿಲ್ಲದೆ ದುಡಿಯುವವರು. ಆದರೆ ಒಬ್ಬನು ಕಲಿತು ಹೊರಡುತ್ತಾನೆ, ಇನ್ನೊಬ್ಬನು ಕಾದು ಸೋಲುತ್ತಾನೆ. ಇಂದಿನ ಇಂಟರ್ನ್‌ಷಿಪ್ಪು ಈ ಎರಡರಲ್ಲಿ ಯಾವುದಾಗುತ್ತದೆ ಎಂಬುದರ ಮೇಲೆಯೇ ಅದರ ಬೆಲೆಯೆಲ್ಲ ನಿಂತಿದೆ.

ಓದಿಗೂ ದುಡಿಮೆಗೂ ಗಂಟುಹಾಕುವ ಪ್ರಯತ್ನ ಆಧುನಿಕ ವಿಶ್ವವಿದ್ಯಾನಿಲಯಗಳಲ್ಲಿ ನೂರು ವರ್ಷಗಳಿಗೂ ಹಿಂದಿನದು. ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾನಿಲಯದಲ್ಲಿ ಹರ್ಮನ್ ಷ್ನೈಡರ್ ಎಂಬ ಅಧ್ಯಾಪಕರು 1906ರಲ್ಲಿ 27 ಮಂದಿ ಇಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಸೇರಿಸಿಕೊಂಡು, ಕೆಲವು ಕಾಲ ತರಗತಿ ಕೆಲವು ಕಾಲ ಕಾರ್ಖಾನೆ ಎಂದು ಸರದಿಯ ಮೇಲೆ ಕಳುಹಿಸುವ ಏರ್ಪಾಡನ್ನು ಮಾಡಿದರು. ನಮ್ಮ ದೇಶದಲ್ಲಿ ವೈದ್ಯವಿದ್ಯಾರ್ಥಿಯು ಪರೀಕ್ಷೆಗಳನ್ನು ಮುಗಿಸಿದ ಮೇಲೂ ಒಂದು ವರ್ಷ ಆಸ್ಪತ್ರೆಯ ಎಲ್ಲ ವಿಭಾಗಗಳಲ್ಲಿ ಸರದಿಯಂತೆ ದುಡಿದಲ್ಲದೆ ಪೂರ್ಣ ವೈದ್ಯನಾಗನು. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳ ಪ್ರಕಾರ ಮೂರು ವರ್ಷದ ಕಾನೂನು ವಿದ್ಯಾರ್ಥಿಯು 12 ವಾರ, ಐದು ವರ್ಷದವನು 20 ವಾರ ಇಂಟರ್ನ್ ಆಗಿ ಕೆಲಸಮಾಡಿರಬೇಕು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2022ರ ಡಿಸೆಂಬರಿನಲ್ಲಿ ಪ್ರಕಟಿಸಿದ ಪದವಿ ಶಿಕ್ಷಣದ ಚೌಕಟ್ಟಿನಲ್ಲಿ, ಯಾವ ವಿಷಯವನ್ನು ಓದುವವರಾದರೂ ಬೇಸಗೆಯ ಅವಧಿಯಲ್ಲಿ ಇಂತಹ ಅನುಭವವನ್ನು ಪಡೆಯಬೇಕೆಂದು ಹೇಳಿದೆ.

ಹೀಗೆ ವೈದ್ಯರಿಗೂ ವಕೀಲರಿಗೂ ಮೊದಲೇ ಇದ್ದ ಪದ್ಧತಿಯು ಈಗ ಚರಿತ್ರೆ, ವಾಣಿಜ್ಯ, ವಿಜ್ಞಾನಗಳನ್ನು ಓದುವವರಿಗೂ ಹರಡುತ್ತಿದೆ. ವೈದ್ಯವಿದ್ಯಾರ್ಥಿಗೆ ಆಸ್ಪತ್ರೆಯೆಂಬುದು ಎದುರಿಗೇ ಇದೆ. ಚರಿತ್ರೆಯನ್ನು ಓದಿದವನ ಆಸ್ಪತ್ರೆ ಯಾವುದು? ಎಲ್ಲಿ? ಬೆಂಗಳೂರಿಗೋ ಹೈದರಾಬಾದಿಗೋ ಹೋಗದೆ ಅದು ದೊರೆಯಲಾರದೆಂದು ಬಹುಮಂದಿ ಭಾವಿಸಿದ್ದಾರೆ. ನಮಗೆ ಹಾಗೆ ತೋರುವುದಿಲ್ಲ. ಮಾತು ಬರಿಯ ತತ್ತ್ವವಾಗದಿರಲೆಂದು ಒಂದು ಊರನ್ನೇ ಎದುರಿಗಿಟ್ಟುಕೊಂಡು ನೋಡೋಣ. ಆ ಊರು ಗಾಣಗಾಪುರ.

ಅಫಜಲಪುರ ತಾಲ್ಲೂಕಿನಲ್ಲಿ, ಭೀಮಾ ಅಮರ್ಜಾ ನದಿಗಳ ಸಂಗಮದ ಬಳಿಯಲ್ಲಿರುವ ಈ ಕ್ಷೇತ್ರವನ್ನು ಶ್ರೋತೃಗಳಲ್ಲಿ ಹಲವರು ನೋಡಿಯೇ ಇರಬಹುದು. ಶ್ರೀ ನೃಸಿಂಹಸರಸ್ವತಿಗಳು ಹದಿನೈದನೆಯ ಶತಮಾನದಲ್ಲಿ ನೆಲಸಿದ್ದ ಊರು. ಅವರ ನಿರ್ಗುಣ ಪಾದುಕೆಗಳ ದರ್ಶನಕ್ಕಾಗಿ ಕರ್ಣಾಟಕದಿಂದ ಮಾತ್ರವಲ್ಲದೆ ಮಹಾರಾಷ್ಟ್ರದಿಂದಲೂ ತೆಲುಗು ನಾಡುಗಳಿಂದಲೂ ಯಾತ್ರಿಕರು ಬರುತ್ತಾರೆ. ಒಂದೆಡೆ ಆಳಂದ, ಇನ್ನೊಂದೆಡೆ ಜೇವರ್ಗಿ. ಸುತ್ತ ತೊಗರಿ ಜೋಳಗಳನ್ನು ಬೆಳೆಯುವ ಕರಿಯ ನೆಲ. ಕಲಬುರಗಿಯಲ್ಲಿ 1980ರಲ್ಲಿ ಸ್ಥಾಪಿತವಾದ ಗುಲಬರ್ಗಾ ವಿಶ್ವವಿದ್ಯಾನಿಲಯವೂ, ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಆರಂಭವಾದ ಕರ್ಣಾಟಕ ಕೇಂದ್ರೀಯ ವಿಶ್ವವಿದ್ಯಾನಿಲಯವೂ ಇಲ್ಲಿಗೆ ದೂರವಲ್ಲ. ಯಾತ್ರಿಕನ ಕಣ್ಣಿಗೆ ಇದು ಪುಣ್ಯಕ್ಷೇತ್ರ. ವಿದ್ಯಾರ್ಥಿಯ ಕಣ್ಣಿನಿಂದ ನೋಡಿದರೆ ಇಲ್ಲಿ ಹತ್ತು ಬಗೆಯ ವಿದ್ಯೆಗಳಿಗೆ ಕೆಲಸವುಂಟು.

ವಾಣಿಜ್ಯವನ್ನು ಓದುತ್ತಿರುವ ವಿದ್ಯಾರ್ಥಿನಿಯೊಬ್ಬಳು ಆರು ವಾರ ಇಲ್ಲಿರುವಳೆಂದು ಭಾವಿಸೋಣ. ದೇವಸ್ಥಾನವು ಮುಜರಾಯಿ ಇಲಾಖೆಯ ಆಡಳಿತದಲ್ಲಿದೆ. ಸೇವೆಯ ರಸೀತಿಗಳು, ಹುಂಡಿಯ ಹಣ, ದಾಸೋಹದ ದಿನಸಿ, ನೌಕರರ ಸಂಬಳ ಇವೆಲ್ಲಕ್ಕೂ ಲೆಕ್ಕವಿರಬೇಕು. ಆ ಲೆಕ್ಕ ತಪಾಸಣೆಗೆ ನಿಲ್ಲಬೇಕು. ಪುಸ್ತಕದಲ್ಲಿ ಜಮೆ ಖರ್ಚುಗಳು ತಾವಾಗಿಯೇ ಸರಿತೂಗುತ್ತವೆ. ಇಲ್ಲಿ ಹುಣ್ಣಿಮೆಯ ದಿನ ಜನ ತುಂಬಿ ನಿಂತಾಗ ರಸೀತಿಯ ಪುಸ್ತಕ ಮುಗಿದುಹೋಗುತ್ತದೆ. ಸಂಜೆ ಹಣವನ್ನೆಣಿಸಿದರೆ ಹತ್ತು ರೂಪಾಯಿ ಹೆಚ್ಚಾಗಿಯೋ ಕಡಮೆಯಾಗಿಯೋ ಬರುತ್ತದೆ. ಆ ಹತ್ತು ರೂಪಾಯಿಯನ್ನು ಹುಡುಕುತ್ತ ಕುಳಿತ ರಾತ್ರಿ ಅವಳಿಗೆ ತನ್ನ ಸ್ವಭಾವ ತಿಳಿಯುತ್ತದೆ. ಸಿಕ್ಕುವವರೆಗೆ ಬಿಡಲಾರೆನೆಂಬ ಹಟ ಹುಟ್ಟಿದರೆ ಲೆಕ್ಕ ತಪಾಸಣೆಯ ವೃತ್ತಿ ಅವಳನ್ನು ಕರೆಯುತ್ತಿದೆ ಎಂದರ್ಥ. ಅದಕ್ಕಿಂತಲೂ, ಎದುರಿನ ಬೀದಿಯಲ್ಲಿ ತೆಂಗಿನಕಾಯಿ ಮಾರುವವನು ಮುಂದಿನ ಹುಣ್ಣಿಮೆಗೆ ಎಷ್ಟು ಕಾಯಿ ತರಿಸಬೇಕೆಂದು ಹೇಗೆ ಅಂದಾಜು ಮಾಡುತ್ತಾನೆಂಬ ಕುತೂಹಲವೇ ಹೆಚ್ಚಾದರೆ ಅವಳ ದಾರಿ ವ್ಯಾಪಾರದ ಕಡೆಗೆ. ಎರಡಕ್ಕೂ ಪದವಿಯ ಹೆಸರು ಒಂದೇ. ಬಾಳುವೆ ಬೇರೆ ಬೇರೆ.

ಭೂಗೋಳವನ್ನೋ ಕಟ್ಟಡಶಾಸ್ತ್ರವನ್ನೋ ಓದುವವನಿಗೆ ನದಿಯೇ ಗುರು. 2020ರ ಅಕ್ಟೋಬರಿನಲ್ಲಿ ಭೀಮಾನದಿಯ ಮಹಾಪೂರ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ದಡದ ಊರುಗಳನ್ನು ನುಗ್ಗಿತು. ಅದೇ ನದಿ ಬೇಸಗೆಯಲ್ಲಿ ಸೊರಗಿ, ಸೊನ್ನದ ಬ್ಯಾರೇಜಿನಂತಹ ಕಟ್ಟೆಗಳ ಹಿಂದೆ ನಿಂತ ನೀರಿನ ಮೇಲೆ ಕಣ್ಣಿಡಬೇಕಾಗುತ್ತದೆ. ಬೇಸಗೆಯಲ್ಲಿ ವಿದ್ಯಾರ್ಥಿಗಳಿಬ್ಬರು ದಡದ ಹಳ್ಳಿಯೊಂದರಲ್ಲಿ ಮನೆಮನೆಗೂ ಹೋಗಿ, ಆ ವರ್ಷ ನೀರು ಎಲ್ಲಿಯವರೆಗೆ ಬಂದಿತ್ತೆಂದು ಹಿರಿಯರನ್ನು ಕೇಳಿ, ಗೋಡೆಯ ಮೇಲಿನ ಗುರುತನ್ನು ಅಳೆದು, ನಕ್ಷೆಯೊಂದನ್ನು ಬರೆದು ಪಂಚಾಯತಿಗೆ ಒಪ್ಪಿಸುತ್ತಾರೆಂದುಕೊಳ್ಳಿ. ಮುಂದಿನ ಮಳೆಗಾಲದಲ್ಲಿ ಯಾವ ಮನೆಯವರನ್ನು ಮೊದಲು ಎಬ್ಬಿಸಬೇಕೆಂಬುದಕ್ಕೆ ಆ ನಕ್ಷೆ ಉಪಯೋಗಕ್ಕೆ ಬರುತ್ತದೆ. ಅಳತೆ ತಪ್ಪಿದರೆ ಅಂಕ ಹೋಗುವುದಿಲ್ಲ. ಒಂದು ಮನೆ ಹೋಗಬಹುದು. ಈ ಅರಿವು ಬಂದ ಮೇಲೆ ಅಳತೆಯ ಪಾಠವನ್ನು ಅವರು ಹಿಂದಿನಂತೆ ಓದಲಾರರು.

ಚರಿತ್ರೆಯ ವಿದ್ಯಾರ್ಥಿಯ ಆಸ್ಪತ್ರೆ ಎಲ್ಲಿ ಎಂದು ಕೇಳಿದೆವಲ್ಲವೇ? ಇದೇ ಭೀಮೆಯ ದಡವನ್ನು ಹಿಡಿದು ಕೆಳಕ್ಕೆ ಹೋದರೆ ಚಿತ್ತಾಪುರ ತಾಲ್ಲೂಕಿನ ಸನ್ನತಿ. ಅಲ್ಲಿನ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ 1980ರ ದಶಕದಲ್ಲಿ ಅಶೋಕ ಚಕ್ರವರ್ತಿಯ ಶಾಸನ ಬೆಳಕಿಗೆ ಬಂದಿತು. ಸಮೀಪದ ಕನಗನಹಳ್ಳಿಯಲ್ಲಿ ಪುರಾತತ್ತ್ವ ಇಲಾಖೆಯವರು ನಡೆಸಿದ ಉತ್ಖನನದಲ್ಲಿ, ದೊಡ್ಡ ಸ್ತೂಪವೊಂದರ ಅವಶೇಷಗಳ ನಡುವೆ, ಅಶೋಕನ ಹೆಸರನ್ನೇ ಕೆತ್ತಿದ ಶಿಲ್ಪಫಲಕ ದೊರೆಯಿತು. ಬಿದ್ದ ಕಲ್ಲುಗಳಿಗೆ ಸಂಖ್ಯೆ ಹಾಕುವುದು, ಛಾಯಾಚಿತ್ರ ತೆಗೆಯುವುದು, ಪಟ್ಟಿ ಬರೆಯುವುದು, ನೋಡಬಂದ ಶಾಲೆಯ ಮಕ್ಕಳಿಗೆ ವಿವರಿಸುವುದು ಇವೆಲ್ಲ ಶ್ರಮದ ಕೆಲಸಗಳು, ಕೀರ್ತಿಯ ಕೆಲಸಗಳಲ್ಲ. ಅವುಗಳಲ್ಲಿ ಒಂದು ಬೇಸಗೆ ಕಳೆದವನಿಗೆ ತಾನು ಸಂಶೋಧಕನೋ, ಉಪಾಧ್ಯಾಯನೋ, ಎರಡೂ ಅಲ್ಲವೋ ಎಂಬುದು ಗೊತ್ತಾಗುತ್ತದೆ.

ವ್ಯವಸಾಯದ ವಿದ್ಯಾರ್ಥಿಗಳ ಮಾತು ಹೇಳಬೇಕಾದದ್ದೇ ಇಲ್ಲ. ಅವರು ಈ ವಿಷಯದಲ್ಲಿ ಉಳಿದವರಿಗೆ ಅಣ್ಣಂದಿರು. ಕೃಷಿ ಕಾಲೇಜುಗಳ ಕೊನೆಯ ವರ್ಷದವರು ತಂಡಗಳಾಗಿ ಹಳ್ಳಿಗಳಲ್ಲಿ ತಂಗಿ, ರೈತರ ಹೊಲಗಳಲ್ಲಿ ಅನುಭವ ಪಡೆಯುವ ಕ್ರಮ ಬಹುಕಾಲದಿಂದ ನಡೆದುಬಂದಿದೆ. 2015ರಲ್ಲಿ ಅದು ‘ಸ್ಟೂಡೆಂಟ್ ರೆಡಿ’ ಎಂಬ ಕಾರ್ಯಕ್ರಮದ ಅಂಗವಾಯಿತು. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಬಂದಿದೆ. ಆ ತೊಗರಿ ಹೊಲದಿಂದ ಬೇಳೆಯ ಗಿರಣಿಗೆ, ಗಿರಣಿಯಿಂದ ಅಂಗಡಿಗೆ ಹೋಗುವ ದಾರಿಯುದ್ದಕ್ಕೂ ಕಲಿಯಬೇಕಾದದ್ದು ವ್ಯವಸಾಯದವನಿಗೆ ಮಾತ್ರವಲ್ಲ, ಯಂತ್ರಶಾಸ್ತ್ರದವನಿಗೂ ಅರ್ಥಶಾಸ್ತ್ರದವನಿಗೂ ಇದೆ.

ಇನ್ನು ಇಂತಹ ಬೇಸಗೆಯಿಂದ ದೊರೆಯುವ ದಿಕ್ಕು ಎಂದರೇನೆಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ. ಅದರಲ್ಲಿ ಮೂರು ಬಗೆ. ಒಂದನೆಯದು, ಇದು ನನ್ನ ಕೆಲಸ ಎಂಬ ನಿಶ್ಚಯ. ಅದು ಬಂದವನು ಪುಣ್ಯವಂತ. ಉಳಿದ ಓದೆಲ್ಲ ಅವನಿಗೆ ಹಗುರವಾಗುತ್ತದೆ. ಎರಡನೆಯದು, ಇದು ನನ್ನದಲ್ಲ ಎಂಬ ನಿಶ್ಚಯ. ಇದನ್ನು ಸೋಲೆಂದು ತಂದೆತಾಯಿಗಳು ದುಃಖಪಡುವುದುಂಟು. ನಮ್ಮ ಮಟ್ಟಿಗೆ ಇದು ಮೊದಲನೆಯದರಷ್ಟೇ ದೊಡ್ಡ ಲಾಭ. ಇಪ್ಪತ್ತನೆಯ ವಯಸ್ಸಿನಲ್ಲಿ ಆರು ವಾರ ಕೊಟ್ಟು ತಿಳಿಯಬಹುದಾದದ್ದನ್ನು ಮೂವತ್ತನೆಯ ವಯಸ್ಸಿನಲ್ಲಿ ಆರು ವರ್ಷ ಕೊಟ್ಟು ತಿಳಿಯುವವರನ್ನು ನಾವೆಲ್ಲ ಕಂಡಿದ್ದೇವೆ. ಮೂರನೆಯದು ಎಲ್ಲಕ್ಕಿಂತ ಸಾಮಾನ್ಯವಾದದ್ದು: ಹಿಡಿದ ದಾರಿ ಸರಿಯೆ, ಆದರೆ ಹಿಡಿದ ಕವಲು ಸರಿಯಲ್ಲ ಎಂಬ ತಿಳಿವು. ನೀರಿನ ಪರೀಕ್ಷೆಗೆಂದು ಸಂಗಮಕ್ಕೆ ಹೋದ ರಸಾಯನಶಾಸ್ತ್ರದ ಹುಡುಗನಿಗೆ ಸೀಸೆಯೊಳಗಿನ ನೀರಿಗಿಂತ, ಆ ನೀರನ್ನು ಕುಡಿಯುವ ಜನರ ಮೇಲೆ ಮನಸ್ಸು ಹೋಗಬಹುದು. ಅವನು ವಿಜ್ಞಾನವನ್ನು ಬಿಡಬೇಕಾಗಿಲ್ಲ. ಸಾರ್ವಜನಿಕ ಆರೋಗ್ಯದ ಕಡೆಗೆ ತಿರುಗಿದರಾಯಿತು.

ತರಗತಿಯಲ್ಲಿ ಬಾರದ ಈ ತಿಳಿವು ಕೆಲಸದಲ್ಲಿ ಹೇಗೆ ಬರುತ್ತದೆ? ತರಗತಿಯಲ್ಲಿ ನಾವು ಮಾಡಿದ್ದು ನಮಗೇ ಮುಟ್ಟುತ್ತದೆ. ತಪ್ಪಿದರೆ ನಷ್ಟ ನಮ್ಮದು. ಕೆಲಸದ ಮನೆಯಲ್ಲಿ ನಾವು ಮಾಡಿದ್ದಕ್ಕಾಗಿ ಇನ್ನೊಬ್ಬರು ಕಾಯುತ್ತಿರುತ್ತಾರೆ. ಕಾಯುವ ಮುಖವೊಂದು ಎದುರಿಗಿದ್ದಾಗ ಮನುಷ್ಯನ ಶಕ್ತಿಯೂ ದೌರ್ಬಲ್ಯವೂ ಮರೆಯಾಗಿ ನಿಲ್ಲಲಾರವು. ಯಾರು ಅವಸರದಲ್ಲಿ ಶಾಂತನಾಗಿರಬಲ್ಲನು, ಯಾರು ಒಂಟಿಯಾಗಿ ಮೂರು ಗಂಟೆ ಕುಳಿತು ಒಂದೇ ಕೆಲಸವನ್ನು ಮುಗಿಸಬಲ್ಲನು, ಯಾರು ಕೋಪಗೊಂಡ ಅಪರಿಚಿತನನ್ನು ಸಮಾಧಾನಪಡಿಸಬಲ್ಲನು ಎಂಬುದು ಅಂಕಪಟ್ಟಿಯಲ್ಲಿ ಬರೆದಿರುವುದಿಲ್ಲ. ಅವನಿಗೇ ಅದು ಗೊತ್ತಿರುವುದಿಲ್ಲ. ವೃತ್ತಿಯನ್ನು ಆರಿಸಿಕೊಳ್ಳುವುದೆಂದರೆ ಅರ್ಧಮಟ್ಟಿಗೆ ತನ್ನನ್ನು ತಾನು ತಿಳಿದುಕೊಳ್ಳುವುದೇ ಆಗಿದೆ.

ಇಷ್ಟು ಹೇಳಿದ ಮೇಲೆ ಆಕ್ಷೇಪಗಳನ್ನೂ ಕೇಳಬೇಕು. ಕಲಬುರಗಿಯ ಬೇಸಗೆ ಕೆಲಸದ ಕಾಲವೇ ಎಂದು ಒಬ್ಬರು ನಕ್ಕಾರು. ಬಿಸಿಲು ನಲವತ್ತು ಡಿಗ್ರಿಯನ್ನು ದಾಟುವ ಸೀಮೆ ಅದು, ನಿಜ. ಅದಕ್ಕೆ ಆ ಸೀಮೆಯೇ ಉಪಾಯವನ್ನು ಕಂಡುಕೊಂಡಿದೆ. ಏಪ್ರಿಲ್ ಮೇ ತಿಂಗಳುಗಳಲ್ಲಿ ಆ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಾಯಿಸುವ ರೂಢಿಯಿದೆ. ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಡ: ಬೆಳಗಿನ ಹೊತ್ತು ಕೆಲಸ, ಮಧ್ಯಾಹ್ನ ನೆರಳಿನಲ್ಲಿ ಕುಳಿತು ಕಂಡದ್ದನ್ನು ಬರೆದಿಡುವುದು. ಬರೆದಿಡದ ಅನುಭವ ಮಳೆಗಾಲಕ್ಕೆ ಮುಂಚೆಯೇ ಮರೆತುಹೋಗುತ್ತದೆ.

ಎರಡನೆಯ ಆಕ್ಷೇಪ ಹಣದ್ದು. ಇದು ನಗುವ ಮಾತಲ್ಲ. ಕೂಲಿಯವನ ಮಗನಿಗೆ ಬೇಸಗೆಯೆಂದರೆ ರಜೆಯಲ್ಲ, ಮುಂದಿನ ವರ್ಷದ ಶುಲ್ಕವನ್ನು ಸಂಪಾದಿಸುವ ಕಾಲ. ಅವನನ್ನು ದೂರದ ನಗರಕ್ಕೆ ಹೋಗಿ, ಬಾಡಿಗೆ ತೆತ್ತು, ಸಂಬಳವಿಲ್ಲದೆ ಎರಡು ತಿಂಗಳು ಕಲಿ ಎಂದರೆ, ಕಲಿಕೆಯನ್ನು ಉಳ್ಳವರಿಗೆ ಮಾತ್ರ ಮೀಸಲಿಟ್ಟಂತೆಯೇ. ಅಂತೇವಾಸಿಗೆ ಆಚಾರ್ಯನ ಮನೆಯಲ್ಲಿ ಊಟವುಂಟೆಂದು ವಿಧಿಸಿದವರಿಗೆ ಈ ಸತ್ಯ ಗೊತ್ತಿದ್ದಿತು. ಇಂದಿನ ಆಚಾರ್ಯನೂ ಊಟದ, ಬಸ್ಸಿನ ವೆಚ್ಚವನ್ನಾದರೂ ಕೊಡಬೇಕು. ಕೊಡಲಾರದ ಸಣ್ಣ ಸಂಸ್ಥೆಯಾದರೆ ಕಾಲೇಜು ಕೊಡಬೇಕು. ಕೆಲಸದ ಸ್ಥಳ ಮನೆಗೆ ಸಮೀಪವಾದಷ್ಟೂ ಈ ಭಾರ ಇಳಿಯುತ್ತದೆ. ಗಾಣಗಾಪುರವನ್ನು ಉದಾಹರಣೆಗೆ ತೆಗೆದುಕೊಂಡುದಕ್ಕೆ ಇದೂ ಒಂದು ಕಾರಣ. ಹೆಣ್ಣುಮಕ್ಕಳ ವಿಷಯದಲ್ಲಂತೂ ವಸತಿಯ ಚಿಂತೆಯೇ ಎಷ್ಟೋ ಸಲ ಬಾಗಿಲನ್ನು ಮುಚ್ಚಿಬಿಡುತ್ತದೆ. ಸಂಜೆಗೆ ಮನೆ ಸೇರಬಹುದಾದ ದೂರದಲ್ಲಿ ಒಳ್ಳೆಯ ಕೆಲಸ ದೊರೆತರೆ ಆ ಬಾಗಿಲು ತೆರೆಯುತ್ತದೆ.

ಮೂರನೆಯದು, ಪ್ರಮಾಣಪತ್ರದ ರೋಗ. ಕಾಲೇಜು ಕೇಳುತ್ತದೆ, ಪರಿಚಯದವರ ಅಂಗಡಿಯ ಮೊಹರು ಬೀಳುತ್ತದೆ, ಹುಡುಗ ಬೇಸಗೆಯೆಲ್ಲ ಮನೆಯಲ್ಲೇ ಇರುತ್ತಾನೆ. ಇಲ್ಲವೇ ಕೆಲಸಕ್ಕೆ ಹೋದವನನ್ನು ಚಹಾ ತರುವುದಕ್ಕೂ ಕಾಗದಗಳ ನೆರಳಚ್ಚು ತೆಗೆಯುವುದಕ್ಕೂ ಇಟ್ಟುಕೊಂಡು ಕೊನೆಗೆ ಒಂದು ಹೊಗಳಿಕೆಯ ಓಲೆ ಬರೆದುಕೊಡುತ್ತಾರೆ. ಹಳೆಯ ಉಮೇದುವಾರಿಕೆ ಹೊಸ ಅಂಗಿ ತೊಟ್ಟು ಬರುವುದು ಹೀಗೆ. ಗಂಟೆಗಳನ್ನು ಎಣಿಸಿದ ಮಾತ್ರಕ್ಕೆ ಈ ರೋಗ ಹೋಗುವುದಿಲ್ಲ. 2018ರ ಮೇ 1ರಿಂದ ಜುಲೈ 31ರವರೆಗೆ ಕೇಂದ್ರ ಸರ್ಕಾರ ನಡೆಸಿದ ಸ್ವಚ್ಛ ಭಾರತ ಬೇಸಗೆ ಇಂಟರ್ನ್‌ಷಿಪ್ಪಿನಲ್ಲಿ ವಿದ್ಯಾರ್ಥಿಗಳು ಹಳ್ಳಿಗಳಲ್ಲಿ 100 ಗಂಟೆ ಕೆಲಸಮಾಡಿದರೆ ಪದವಿಯ ಲೆಕ್ಕಕ್ಕೆ ಎರಡು ಕ್ರೆಡಿಟ್ಟುಗಳನ್ನು ಸೇರಿಸಲು ಅವಕಾಶವಿದ್ದಿತು. ನೂರು ಗಂಟೆ ಒಳ್ಳೆಯ ಅಳತೆಯೆ. ಆದರೆ ನೂರು ಗಂಟೆಯಲ್ಲಿ ಎಷ್ಟು ಗಂಟೆ ಯಾರಾದರೂ ಪಕ್ಕದಲ್ಲಿ ನಿಂತು, ಹೀಗಲ್ಲ ಹೀಗೆ ಎಂದು ತಿದ್ದಿದರು ಎಂಬುದೇ ನಿಜವಾದ ಲೆಕ್ಕ.

ಆದುದರಿಂದ ಮೂವರ ಕರ್ತವ್ಯಗಳನ್ನು ಸಂಕ್ಷೇಪವಾಗಿ ಸೂಚಿಸುತ್ತೇವೆ. ಅಧ್ಯಾಪಕರು ವಿದ್ಯಾರ್ಥಿಯನ್ನು ಕಳುಹಿಸುವ ಮೊದಲು, ಅವನು ಏನನ್ನು ಕಲಿಯಲು ಹೋಗುತ್ತಾನೆಂಬುದನ್ನು ಒಂದು ಹಾಳೆಯಲ್ಲಿ ಬರೆಯಿಸಲಿ. ನಡುವೆ ಒಮ್ಮೆಯಾದರೂ ಅಲ್ಲಿಗೆ ಹೋಗಿ ನೋಡಲಿ. ಹಿಂದಿರುಗಿದ ಮೇಲೆ ಪ್ರಮಾಣಪತ್ರವನ್ನು ಬದಿಗಿಟ್ಟು, ಅವನ ದಿನಚರಿಯನ್ನು ಓದಲಿ. ಕೆಲಸ ಕೊಡುವವರು ಮಳೆಗಾಲದೊಳಗೆ ಮುಗಿಯಬಹುದಾದ ಒಂದು ಚಿಕ್ಕ, ಪೂರ್ಣವಾದ ಕೆಲಸವನ್ನು ವಿದ್ಯಾರ್ಥಿಯ ಹೆಸರಿನಲ್ಲಿ ಒಪ್ಪಿಸಲಿ. ಹತ್ತು ಕೆಲಸಗಳ ತುಣುಕುಗಳಿಂದ ಯಾರೂ ಏನನ್ನೂ ಕಲಿಯಲಾರರು. ಮುಗಿಸಿದ ಒಂದು ಕೆಲಸ ಬಹಳವನ್ನು ಕಲಿಸುತ್ತದೆ. ತಂದೆತಾಯಿಗಳು ಬೇಸಗೆ ಮುಗಿದಾಗ ಎಷ್ಟು ಹಣ ಬಂತೆಂದು ಕೇಳುವುದಕ್ಕೆ ಮೊದಲು, ಏನು ಕಂಡೆ ಎಂದು ಕೇಳಲಿ.

ಇನ್ನು ವಿದ್ಯಾರ್ಥಿಗೆ ಹೇಳತಕ್ಕ ಮಾತು ಒಂದೇ; ಅದನ್ನು ಗಾಣಗಾಪುರದ ಪದ್ಧತಿಯೊಂದರಿಂದಲೇ ಹೇಳಬಹುದು. ಆ ಕ್ಷೇತ್ರಕ್ಕೆ ಬಂದ ಭಕ್ತರು, ಎಷ್ಟೇ ಶ್ರೀಮಂತರಾಗಿರಲಿ, ಜೋಳಿಗೆ ಹಿಡಿದು ಐದು ಮನೆಗಳಲ್ಲಾದರೂ ಭಿಕ್ಷೆ ಬೇಡುವುದುಂಟು. ಅದಕ್ಕೆ ಮಧುಕರಿ ಎಂದು ಹೆಸರು. ದುಂಬಿಯ ವೃತ್ತಿ ಎಂದರ್ಥ. ದುಂಬಿ ಒಂದೇ ಹೂವನ್ನು ಬರಿದುಮಾಡುವುದಿಲ್ಲ. ಹಲವು ಹೂಗಳಿಂದ ಸ್ವಲ್ಪ ಸ್ವಲ್ಪ ತರುತ್ತದೆ. ಕೆಲಸ ಕೇಳುವುದರಲ್ಲಿ ಅವಮಾನವಿದೆಯೆಂದು ಹಿಂಜರಿಯುವ ಹುಡುಗ ಹುಡುಗಿಯರು ಈ ಸಂಪ್ರದಾಯವನ್ನು ನೆನೆಯಲಿ. ಮೊದಲನೆಯ ಬಾಗಿಲಲ್ಲಿ ಇಲ್ಲವೆಂದರೆ ಐದನೆಯ ಬಾಗಿಲವರೆಗೆ ಹೋಗಲಿ. ಮೊದಲನೆಯ ಬೇಸಗೆಯಲ್ಲಿ ಪಂಚಾಯತಿಯ ಕಚೇರಿ, ಎರಡನೆಯದರಲ್ಲಿ ಬೇಳೆಯ ಗಿರಣಿ, ಮೂರನೆಯದರಲ್ಲಿ ನ್ಯಾಯಾಲಯ ಎಂದು ಮೂರು ಬೇಸಗೆಗಳಲ್ಲಿ ಮೂರು ಮನೆಯ ಅನ್ನವನ್ನು ಉಂಡವನಿಗೆ, ತನಗೆ ಯಾವುದು ಒಗ್ಗುತ್ತದೆಂದು ಮತ್ತೊಬ್ಬರು ಹೇಳಬೇಕಾಗುವುದಿಲ್ಲ.

ಕೊನೆಯದಾಗಿ, ಈ ಭಾಷಣವನ್ನು ಕೇಳುತ್ತಿರುವ ಮಹನೀಯರಲ್ಲಿಯೂ ಮಹಿಳೆಯರಲ್ಲಿಯೂ ವೃತ್ತಿಯಲ್ಲಿ ನೆಲೆ ಕಂಡವರು ಅನೇಕರಿದ್ದೀರಿ. ಕಾರ್ಖಾನೆಯ ಒಡೆಯರೇ ಆಗಬೇಕೆಂದಿಲ್ಲ. ಒಂದು ಔಷಧದ ಅಂಗಡಿ, ಒಂದು ಮುದ್ರಣಾಲಯ, ಒಬ್ಬ ವಕೀಲರ ಕೊಠಡಿ, ಒಂದು ಸಹಕಾರ ಸಂಘ ಇದ್ದರೆ ಸಾಕು. ವಿದ್ಯಾರ್ಥಿಗೆ ಬೇಕಾದದ್ದು ಒಂದು ಕುರ್ಚಿ, ಒಂದು ಹೊತ್ತಿನ ಊಟ, ಮುಗಿಸಬಹುದಾದ ಒಂದು ಕೆಲಸ, ಮತ್ತು ನಿಮ್ಮ ಸಮಯದಲ್ಲಿ ದಿನಕ್ಕೆ ಅರ್ಧ ಗಂಟೆ. ಬರುವ ಬೇಸಗೆಯಲ್ಲಿ ನಿಮ್ಮ ಊರಿನ ಕಾಲೇಜಿಗೆ ಒಂದು ಕಾಗದ ಬರೆದು, ಒಬ್ಬ ವಿದ್ಯಾರ್ಥಿಯನ್ನು ಕಳುಹಿಸಿರೆಂದು ಕೇಳಿರಿ. ಬಂದವನನ್ನು ಉಮೇದುವಾರನಂತೆ ಕಾಯಿಸಬೇಡಿರಿ, ಅಂತೇವಾಸಿಯಂತೆ ಕಲಿಸಿರಿ. ಮರ್ತೂರಿನ ಪಂಡಿತನು ವಿವರಿಸಿದ ಧರ್ಮ ಅಷ್ಟೇ ಆಗಿದ್ದಿತು.